ಮೊದಲ ಓದುಗ ಯಾರು?

ಕಳೆದ ತಿಂಗಳ ಸಭೆ ಮುಗಿದು ಕಾಫಿ ಲೋಟಗಳು ಕೈಗೆ ಬಂದ ಹೊತ್ತಿನಲ್ಲಿ, ನಮ್ಮ ಸಂಘದ ಹಿರಿಯ ಸದಸ್ಯೆಯೊಬ್ಬರು ಒಂದು ಬಟ್ಟೆಯ ಚೀಲವನ್ನು ತಂದು ನಮ್ಮ ಮುಂದಿಟ್ಟರು. ಅದರಲ್ಲಿ ಅವರು ಹಲವು ವರ್ಷಗಳಿಂದ ಬರೆದಿಟ್ಟ ಕಥೆಗಳ ಎರಡು ನೋಟುಪುಸ್ತಕಗಳಿದ್ದವು. ಮೊಮ್ಮಗಳು ಬರೆದ ಚಿತ್ರಗಳ ಒಂದು ಕಟ್ಟೂ ಇತ್ತು. "ಹಾಸನದ ಬಾನು ಮುಷ್ತಾಕ್ ಅವರಿಗೆ ಲಂಡನ್ನಿನಲ್ಲಿ ಬಹುಮಾನ ಬಂತಲ್ಲ, ಅವರ ಪುಸ್ತಕಕ್ಕೆ ಏಜೆಂಟರು ಅಂತ ಒಬ್ಬರಿದ್ದರಂತೆ. ನಮ್ಮಂಥವರು ಬರೆದದ್ದನ್ನೂ ಅವರು ನೋಡುತ್ತಾರೆಯೇ? ನೋಡಿದರೆ ಅದರಲ್ಲಿ ಏನನ್ನು ನೋಡುತ್ತಾರೆ? ನೀವು ಪತ್ರಿಕೆ ನಡೆಸುವವರು, ನಿಮಗೆ ಗೊತ್ತಿರಬೇಕು" ಎಂದು ಕೇಳಿದರು.

ಆಗ ನಮಗೆ ಸರಿಯಾದ ಉತ್ತರ ತೋಚಲಿಲ್ಲ. ಚೀಲವನ್ನು ಮನೆಗೆ ತಂದು, ಒಂದು ವಾರ ಇಟ್ಟುಕೊಂಡು ಓದಿದೆವು. ಈ ಬರಹ ಆ ಪ್ರಶ್ನೆಗೆ ನಮಗೆ ಕಂಡ ಉತ್ತರ. ಸ್ವಲ್ಪಮಟ್ಟಿಗೆ ನಮ್ಮ ತಪ್ಪೊಪ್ಪಿಗೆಯೂ ಹೌದು.

ಮೊದಲು ಏಜೆಂಟ್ ಎಂದರೆ ಯಾರೆಂಬುದನ್ನು ತಿಳಿಯೋಣ. ಲೇಖಕನ ಪರವಾಗಿ ಪ್ರಕಾಶಕನೊಡನೆ ಮಾತನಾಡುವವನು ಆತ. ಹಸ್ತಪ್ರತಿಯನ್ನು ಓದಿ, ಅದು ಯಾವ ಪ್ರಕಾಶಕನಿಗೆ ಒಪ್ಪೀತೆಂದು ಊಹಿಸಿ, ಅವನಿಗೆ ತೋರಿಸಿ, ಕರಾರು ಮಾಡಿಸುತ್ತಾನೆ. ಅನುವಾದ, ಚಲನಚಿತ್ರ ಮೊದಲಾದ ಹಕ್ಕುಗಳನ್ನು ಬೇರೆಬೇರೆಯಾಗಿ ಮಾರಿಕೊಡುತ್ತಾನೆ. ಲೇಖಕನಿಗೆ ಬಂದ ಹಣದಲ್ಲಿ ಸಾಮಾನ್ಯವಾಗಿ ನೂರಕ್ಕೆ 15ರಷ್ಟು, ಹೊರದೇಶದ ಹಕ್ಕುಗಳಾದರೆ 20ರಷ್ಟು ಅವನ ಪಾಲು. ಲೇಖಕನಿಗೆ ಬಂದರೆ ಮಾತ್ರ ಅವನಿಗೂ ಬರುವುದು. ಆದ್ದರಿಂದ, ಓದಿ ನೋಡುವುದಕ್ಕೆ ಇಷ್ಟು, ಅಚ್ಚು ಹಾಕಿಸುವುದಕ್ಕೆ ಇಷ್ಟು ಎಂದು ಮೊದಲೇ ಲೇಖಕನ ಕೈಯಿಂದ ಹಣ ಕೇಳುವವನು ಏಜೆಂಟನಲ್ಲ. ಅವನ ವ್ಯಾಪಾರವೇ ಬೇರೆ. ನಮ್ಮ ಬಂಧುಗಳು ಇದನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಬೇಕು.

ಲಂಡನ್ನಿನಲ್ಲಿ ಈ ವೃತ್ತಿ ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲೇ ಬೇರೂರಿತು. ಭಾರತದಲ್ಲಿ ಬಹಳ ತಡ. ಬೆಂಗಳೂರಿನಲ್ಲಿ 1997ರಲ್ಲಿ ಆರಂಭವಾದ ಜಕರಾಂಡ ಇಲ್ಲಿಯ ಮೊದಲಿಗರಲ್ಲಿ ಒಂದು. ಆದರೆ ಅದೂ ಅದರ ನಂತರ ಬಂದವೂ ಹೆಚ್ಚಾಗಿ ಇಂಗ್ಲಿಷಿನಲ್ಲೇ ವ್ಯವಹರಿಸುತ್ತವೆ. ಕಾರಣ ಸರಳ. ಒಂದು ಕನ್ನಡ ಪುಸ್ತಕ ಸಾವಿರ ಪ್ರತಿ ಅಚ್ಚಾಯಿತು, ಬೆಲೆ 200 ರೂಪಾಯಿ, ಎಲ್ಲವೂ ಮಾರಿಹೋಯಿತು, ಲೇಖಕನಿಗೆ ನೂರಕ್ಕೆ ಹತ್ತು ಸಿಕ್ಕಿತು ಎಂದುಕೊಳ್ಳಿ. ಲೇಖಕನಿಗೆ 20,000 ರೂಪಾಯಿ. ಅದರಲ್ಲಿ ಏಜೆಂಟನ ಪಾಲು 3,000. ವರ್ಷಕ್ಕೆ ಇಂಥ ಹತ್ತು ಪುಸ್ತಕ ಮಾಡಿಸಿದರೂ ಅವನು ಮಾಂಬಲದಲ್ಲಿ ಒಂದು ಕೋಣೆಯ ಬಾಡಿಗೆ ಕೊಡಲಾರ. ಕನ್ನಡದಲ್ಲಿ ಈ ಕೆಲಸವನ್ನು ಸಂಪಾದಕರೂ ಹಿರಿಯ ಲೇಖಕರೂ ಸಂಭಾವನೆಯಿಲ್ಲದೆ ಮಾಡಿಕೊಂಡು ಬಂದದ್ದಕ್ಕೆ ಇದೇ ಕಾರಣ.

ಇನ್ನು ಅವರು ಏನನ್ನು ನೋಡುತ್ತಾರೆ ಎಂಬ ಪ್ರಶ್ನೆ. ಇದಕ್ಕೆ ನಮ್ಮ ಊರಿಗೂ ಮೈಸೂರಿಗೂ ಸೇರಿದ ಒಂದು ಮನೆಯ ಕಥೆಯೇ ಉತ್ತರ ಹೇಳುತ್ತದೆ.

ಆರ್. ಕೆ. ನಾರಾಯಣ್ 1906ರಲ್ಲಿ ಹುಟ್ಟಿದ್ದು ಇಲ್ಲೇ, ಮದರಾಸಿನಲ್ಲಿ. ಬಾಲ್ಯದಲ್ಲಿ ಬೆಳೆದದ್ದು ಪುರಸವಾಕ್ಕಂನ ಅಜ್ಜಿಯ ಮನೆಯಲ್ಲಿ. ತಂದೆ ಮೈಸೂರು ಸೀಮೆಯಲ್ಲಿ ಮುಖ್ಯೋಪಾಧ್ಯಾಯರು. ನಾವು ಕನ್ನಡ ನಾಡಿನಿಂದ ತಮಿಳು ನಾಡಿಗೆ ಬಂದವರು; ಅವರದು ತಮಿಳು ಮನೆತನವಾಗಿ ಕನ್ನಡ ನಾಡಿನಲ್ಲಿ ನೆಲೆಸಿದ್ದು. 1930ರ ಸೆಪ್ಟೆಂಬರಿನಲ್ಲಿ, ಅಜ್ಜಿ ನೋಡಿ ಹೇಳಿದ ಒಳ್ಳೆಯ ದಿನ ಒಂದು ನೋಟುಪುಸ್ತಕ ಕೊಂಡು, ಬೆಂಗಳೂರಿನಲ್ಲಿ ಕುಳಿತು ತಮ್ಮ ಮೊದಲ ಕಾದಂಬರಿಯನ್ನು ಆರಂಭಿಸಿದರು. ಮುಗಿಸಿ ಲಂಡನ್ನಿಗೆ ಕಳಿಸಿದ ಹಸ್ತಪ್ರತಿ ಒಬ್ಬ ಪ್ರಕಾಶಕರಿಂದ ಇನ್ನೊಬ್ಬರಿಗೆ ಹೋಗಿ ತಿರಸ್ಕೃತವಾಗುತ್ತಲೇ ಇತ್ತು. ಕೊನೆಗೆ, ಆಕ್ಸ್‌ಫರ್ಡಿನಲ್ಲಿ ಓದುತ್ತಿದ್ದ ಮೈಸೂರಿನ ಗೆಳೆಯ ಪೂರ್ಣ ಅವರಿಗೆ, ಅದಕ್ಕೆ ಕಲ್ಲು ಕಟ್ಟಿ ಥೇಮ್ಸ್ ನದಿಯಲ್ಲಿ ಮುಳುಗಿಸಿಬಿಡು ಎಂದು ಬರೆದರಂತೆ. ಪೂರ್ಣ ಅದನ್ನು ನದಿಗೆ ಹಾಕಲಿಲ್ಲ; ಆಗ ಆಕ್ಸ್‌ಫರ್ಡಿನಲ್ಲಿದ್ದ ಗ್ರಹಾಂ ಗ್ರೀನ್ ಎಂಬ ತರುಣ ಕಾದಂಬರಿಕಾರನ ಕೈಗೆ ಕೊಟ್ಟರು. 1935ರಲ್ಲಿ 'ಸ್ವಾಮಿ ಅಂಡ್ ಫ್ರೆಂಡ್ಸ್' ಹ್ಯಾಮಿಷ್ ಹ್ಯಾಮಿಲ್ಟನ್ ಸಂಸ್ಥೆಯಿಂದ ಹೊರಬಂತು.

ಗ್ರೀನ್ ಅದರಲ್ಲಿ ಕಂಡದ್ದೇನು? ಭಾರತವೆಂದರೆ ಅರಮನೆ, ಹುಲಿ, ಹಾವಾಡಿಗ ಎಂದುಕೊಂಡಿದ್ದ ಓದುಗರ ಮುಂದೆ, ಸೋಮವಾರ ಬೆಳಗ್ಗೆ ಕಣ್ಣು ತೆರೆಯಲು ಮನಸ್ಸಿಲ್ಲದ ಒಬ್ಬ ಶಾಲೆಯ ಹುಡುಗ ಬಂದು ನಿಂತಿದ್ದ. ಹೆಡ್‌ಮಾಸ್ಟರರ ಬೆತ್ತ, ಹುಡುಗರ ಕ್ರಿಕೆಟ್ ತಂಡ, ಏಲಕ್ಕಿ ಲವಂಗಗಳನ್ನು ಮರದ ಪೆಟ್ಟಿಗೆಯಲ್ಲಿಟ್ಟುಕೊಂಡ ಅಜ್ಜಿ. ಬರೆದವರಿಗೆ ಪೂರ್ತಿ ಗೊತ್ತಿರದ ಒಂದು ಸಾಮಾನೂ ಆ ಪುಸ್ತಕದಲ್ಲಿಲ್ಲ. ಇಂಗ್ಲೆಂಡಿನವರನ್ನು ಮೆಚ್ಚಿಸಬೇಕೆಂದು ಸೇರಿಸಿದ ಬೆಡಗೂ ಇಲ್ಲ. ಏಜೆಂಟರು 'ಧ್ವನಿ' ಎಂದು ಕರೆಯುವುದು ಇದನ್ನೇ ಎಂದು ನಮ್ಮ ತಿಳಿವಳಿಕೆ. ಪುಟದ ಮೇಲೆ ಹೆಸರಿಲ್ಲದಿದ್ದರೂ ಇದು ಇಂಥವರೇ ಬರೆದದ್ದು, ಇನ್ನೊಬ್ಬರು ಬರೆಯಲಾರರು ಎಂದು ಅನ್ನಿಸಬೇಕು.

ಗ್ರೀನ್ ಮೆಚ್ಚಿ ಸುಮ್ಮನಾಗಲಿಲ್ಲ ಎಂಬುದನ್ನೂ ಗಮನಿಸಬೇಕು. 'ಸ್ವಾಮಿ ದಿ ಟೇಟ್' ಎಂದಿದ್ದ ಹೆಸರನ್ನು ಬದಲಾಯಿಸಲು ಹೇಳಿದರು. ನಾರಾಯಣಸ್ವಾಮಿ ಎಂಬ ಉದ್ದ ಹೆಸರನ್ನು ನಾರಾಯಣ್ ಎಂದು ಕಿರಿದುಗೊಳಿಸಲು ಸೂಚಿಸಿದರು. ಇದು ಪುಸ್ತಕದಂಗಡಿಯ ವ್ಯವಹಾರದ ಮಾತು. ಏಜೆಂಟನ ಕಣ್ಣು ಇಲ್ಲಿಯೂ ಇರುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು ಮುಂದೆ ನಡೆಯಿತು. ಮೊದಲ ಪುಸ್ತಕ ಚೆನ್ನಾಗಿ ಮಾರಾಟವಾಗಲಿಲ್ಲ. ಎರಡನೆಯದು 1937ರಲ್ಲಿ ಬೇರೊಬ್ಬ ಪ್ರಕಾಶಕರಿಂದ, ಮೂರನೆಯದು 1938ರಲ್ಲಿ ಮತ್ತೊಬ್ಬರಿಂದ ಬಂತು. ಎರಡನೆಯದಕ್ಕೆ ಗ್ರೀನ್ ತಾವೇ ಮುನ್ನುಡಿ ಬರೆದರು. ಅವರಿಬ್ಬರೂ ಮುಖಾಮುಖಿ ಭೇಟಿಯಾದದ್ದು 1956ರಲ್ಲಿ! ಒಬ್ಬರನ್ನೊಬ್ಬರು ನೋಡದೆ ಇಪ್ಪತ್ತೊಂದು ವರ್ಷ ಈ ನಂಟು ನಡೆಯಿತು. ಒಳ್ಳೆಯ ಏಜೆಂಟ್ ಕೂಡ ಒಂದು ಪುಸ್ತಕವನ್ನಲ್ಲ, ಒಬ್ಬ ಲೇಖಕನನ್ನು ಹುಡುಕುತ್ತಾನೆ. ಎರಡನೆಯದನ್ನು ಈತ ಬರೆದಾನೆಯೇ, ಹೇಳಿದ ತಿದ್ದುಪಡಿಯನ್ನು ಕಿವಿಗೆ ಹಾಕಿಕೊಂಡಾನೆಯೇ ಎಂದೂ ನೋಡುತ್ತಾನೆ.

ಅದೇ ಮನೆಯ ಕಿರಿಯ ಮಗ ಆರ್. ಕೆ. ಲಕ್ಷ್ಮಣ್, 1921ರಲ್ಲಿ ಮೈಸೂರಿನಲ್ಲಿ ಹುಟ್ಟಿದವರು. ಮುಂಬಯಿಯ ಜೆ. ಜೆ. ಕಲಾಶಾಲೆಗೆ ಅರ್ಜಿ ಹಾಕಿದಾಗ, ಸೇರಿಸಿಕೊಳ್ಳುವಷ್ಟು ಪ್ರತಿಭೆ ಚಿತ್ರಗಳಲ್ಲಿ ಕಾಣುವುದಿಲ್ಲವೆಂದು ಉತ್ತರ ಬಂತು. ಅವರಿಗೆ ಮೊದಲ ಎಡೆ ಕೊಟ್ಟವರಲ್ಲಿ ಮುಖ್ಯರಾದ ಒಬ್ಬರು ನಮ್ಮ 'ರಾಶಿ', ಅಂದರೆ ಡಾಕ್ಟರ್ ಎಂ. ಶಿವರಾಂ. 1942ರಲ್ಲಿ ಅವರು ಆರಂಭಿಸಿದ ಹಾಸ್ಯ ಮಾಸಪತ್ರಿಕೆ 'ಕೊರವಂಜಿ'ಯಲ್ಲಿ ಲಕ್ಷ್ಮಣರ ವ್ಯಂಗ್ಯಚಿತ್ರಗಳು ಬಂದವು. ಅಣ್ಣನ ಕಥೆಗಳಿಗೆ ತಮ್ಮ ಬರೆದ ಚಿತ್ರಗಳು ನಮ್ಮ ಮದರಾಸಿನ 'ಹಿಂದೂ' ಪತ್ರಿಕೆಯಲ್ಲಿ ಅಚ್ಚಾದವು. ಕಲಾಶಾಲೆಗೆ ಕಾಣದ್ದು ಒಬ್ಬ ವೈದ್ಯ ಸಂಪಾದಕರಿಗೆ ಕಂಡಿತು.

ಲಕ್ಷ್ಮಣರು ತಮ್ಮ ಆತ್ಮಕಥೆಯಲ್ಲಿ, ಬಾಲ್ಯದಲ್ಲಿ ಕೋಣೆಯ ಕಿಟಕಿಯಿಂದ ಕಂಡದ್ದನ್ನೆಲ್ಲ ಬರೆಯುತ್ತಿದ್ದೆನೆಂದು ನೆನೆಯುತ್ತಾರೆ: ಒಣಗಿದ ಕಡ್ಡಿ, ಎಲೆ, ಸೌದೆ ಒಡೆಯುವ ಆಳು, ಮಾಡಿನ ಮೇಲೆ ನಾನಾ ಭಂಗಿಗಳಲ್ಲಿ ಕೂತ ಕಾಗೆಗಳು. ಈ ಕಾಗೆಗಳ ಮಾತನ್ನು ಚಿತ್ರ ಬರೆಯುವ ನಮ್ಮ ಮಕ್ಕಳು ಗಮನಿಸಬೇಕು. ಇಂದಿಗೂ ಮಕ್ಕಳ ಪುಸ್ತಕಗಳ ಏಜೆಂಟರು ಹೊಸ ಚಿತ್ರಕಾರರಿಂದ ಕೇಳುವುದು ಇದನ್ನೇ. ಒಂದು ಸುಂದರ ಚಿತ್ರ ಸಾಲದು. ಅದೇ ಹುಡುಗಿ ನಗುವಾಗ, ಓಡುವಾಗ, ಮುನಿಸಿಕೊಂಡು ಬೆನ್ನು ತಿರುಗಿಸಿ ಕೂತಾಗ ಹೇಗಿರುತ್ತಾಳೆ? ಹತ್ತು ಪುಟಗಳಲ್ಲಿಯೂ ಅವಳು ಅವಳೇ ಎಂದು ಗುರುತು ಸಿಗುತ್ತದೆಯೇ? ಮಕ್ಕಳ ಚಿತ್ರಪುಸ್ತಕ ಸಾಮಾನ್ಯವಾಗಿ 32 ಪುಟದ್ದು. ಅಷ್ಟುದ್ದಕ್ಕೂ ಚಿತ್ರಗಳು ಕಥೆಯನ್ನು ನಡೆಸಬೇಕು. ಬರಹ ಹೇಳಿದ್ದನ್ನೇ ಚಿತ್ರವೂ ಹೇಳಿದರೆ ಅದು ಅಲಂಕಾರ. ಬರಹ ಬಿಟ್ಟದ್ದನ್ನು ಹೇಳಿದರೆ ಅದು ಕಥನ. ಇನ್ನೊಂದು ವಿಷಯ: ಕಥೆ ಬರೆದವರು ಚಿತ್ರಕಾರರನ್ನೂ ತಾವೇ ಹುಡುಕಿಕೊಂಡು ಹೋಗಬೇಕಿಲ್ಲ. ಇಬ್ಬರನ್ನು ಜೊತೆಗೂಡಿಸುವುದು ಬಹುಮಟ್ಟಿಗೆ ಪ್ರಕಾಶಕರ ಕೆಲಸ.

ಕಥನವಾದ ಚಿತ್ರ ಹೇಗಿರುತ್ತದೆಂಬುದನ್ನು ತಿಳಿಯಲು ನಾವು ದೂರ ಹೋಗಬೇಕಾಗಿಲ್ಲ. ಕನ್ನಡ ನಾಡಿನ ಮನೆಮನೆಗಳಿಗೆ ಹೋಗುತ್ತಿದ್ದ 'ಚಂದಮಾಮ' ತಯಾರಾಗುತ್ತಿದ್ದದ್ದು ನಮ್ಮ ವಡಪಳನಿಯಲ್ಲಿ. 1947ರ ಜುಲೈಯಲ್ಲಿ ನಾಗಿರೆಡ್ಡಿ ಮತ್ತು ಚಕ್ರಪಾಣಿ ಅವರು ತೆಲುಗು, ತಮಿಳುಗಳಲ್ಲಿ ಆರಂಭಿಸಿದ ಆ ಪತ್ರಿಕೆ ಬೇಗನೆ ಕನ್ನಡಕ್ಕೂ ಬಂತು. ಅದರ ಮಹಾಭಾರತದ ವರ್ಣಚಿತ್ರಗಳನ್ನು ಬರೆದು ಹೆಸರಾದ ಎಂ. ಟಿ. ವಿ. ಆಚಾರ್ಯರು ಕನ್ನಡಿಗರು. ಬೇತಾಳನನ್ನು ಹೆಗಲ ಮೇಲೆ ಹೊತ್ತು ಕತ್ತಿ ಹಿಡಿದು ನಡೆಯುವ ವಿಕ್ರಮನನ್ನು ಬರೆದವರು ಶಂಕರ್. 2020ರಲ್ಲಿ, ತೊಂಬತ್ತು ದಾಟಿದ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಅಕ್ಷರ ಬಾರದ ಮಗುವೂ ಆ ಒಂದು ಚಿತ್ರವನ್ನು ನೋಡಿ, ರಾತ್ರಿಯಾಗಿದೆ, ಸ್ಮಶಾನವಿದೆ, ರಾಜನಿಗೆ ಭಯವಿಲ್ಲ, ಹೆಣ ಏನೋ ಹೇಳುತ್ತಿದೆ ಎಂದು ತಿಳಿಯುತ್ತಿತ್ತು. ಆದರೂ ಒಂದು ಮಾತು ಹೇಳಬೇಕು. ಆ ಪತ್ರಿಕೆ ಈಗ ನಿಂತುಹೋಗಿದೆ. ಆ ಚಿತ್ರಗಳ ನಕಲು ಮಾತ್ರ ನಿಂತಿಲ್ಲ. ನಮ್ಮ ಮಕ್ಕಳ ಚಿತ್ರಸ್ಪರ್ಧೆಗಳಿಗೆ ಬರುವ ಭೀಮ ಅರ್ಜುನರೆಲ್ಲ ಅಲ್ಲಿಂದಲೋ ಗೋಡೆಯ ಕ್ಯಾಲೆಂಡರಿನಿಂದಲೋ ಇಳಿದು ಬಂದವರು. ಗುರುಗಳನ್ನು ನೋಡಿ ಕೈ ಪಳಗಿಸುವುದು ಒಳ್ಳೆಯದೇ. ಆದರೆ ಕಣ್ಣು ಸ್ವಂತದ್ದಾಗಬೇಕು.

ಸ್ವಂತ ಕಣ್ಣು ಎಂದರೇನು ಎಂಬುದಕ್ಕೂ ಚೆನ್ನೈಯಲ್ಲೇ ಅಚ್ಚಾದ ಒಂದು ಪುಸ್ತಕ ಸಾಕ್ಷಿ. ಮಧ್ಯಪ್ರದೇಶದ ಗೊಂಡ ಚಿತ್ರಕಾರ ಭಜ್ಜು ಶ್ಯಾಮ್ ಒಂದು ಹೋಟೆಲಿನ ಗೋಡೆಗೆ ಚಿತ್ರ ಬರೆಯಲು ಲಂಡನ್ನಿಗೆ ಹೋಗಿ ಬಂದರು. ಅವರು ಕಂಡದ್ದನ್ನು ಇಲ್ಲಿಯ ತಾರಾ ಬುಕ್ಸ್ 2004ರಲ್ಲಿ 'ದಿ ಲಂಡನ್ ಜಂಗಲ್ ಬುಕ್' ಎಂದು ಪ್ರಕಟಿಸಿತು. ಅದರಲ್ಲಿ ಬಿಗ್ ಬೆನ್ ಗಡಿಯಾರ ಹುಂಜವಾಗಿದೆ. ಇಬ್ಬರ ಕೆಲಸವೂ ಹೊತ್ತು ಹೇಳುವುದೇ ತಾನೆ! ಅವರನ್ನು ದಿನವೂ ಕರೆದೊಯ್ಯುತ್ತಿದ್ದ 30ನೆಯ ನಂಬರಿನ ಬಸ್ಸು ನಂಬಿಕಸ್ತ ನಾಯಿಯಾಗಿದೆ. ಪರ ಊರಿಗೆ ಹೋದವನು ತನ್ನ ಊರಿನ ಕಣ್ಣನ್ನು ಬಿಟ್ಟು ಹೋಗಲಿಲ್ಲ. ತನ್ನ ಊರನ್ನೇ ನೆನೆದು ಕಣ್ಣೀರು ಹಾಕುತ್ತಲೂ ಕೂಡಲಿಲ್ಲ. ಹೊಸ ಊರನ್ನು ಹಳೆಯ ಕಣ್ಣಿನಿಂದ ನೋಡಿದನು. ವಲಸೆ ಬಂದ ನಮಗೆ ಇದಕ್ಕಿಂತ ಹತ್ತಿರದ ಪಾಠ ಇನ್ನೊಂದಿಲ್ಲ.

ಇನ್ನು ನಮ್ಮ ಕಾಲದ ಕನ್ನಡ ಪುಸ್ತಕಗಳಿಗೆ ಬರೋಣ. ವಿವೇಕ ಶಾನಭಾಗರ 'ಘಾಚರ್ ಘೋಚರ್' 2013ರಲ್ಲಿ ಅಕ್ಷರ ಪ್ರಕಾಶನದಿಂದ ಬಂತು. ಶ್ರೀನಾಥ್ ಪೇರೂರರ ಇಂಗ್ಲಿಷ್ ಅನುವಾದ 2015ರಲ್ಲಿ ಇಲ್ಲಿ, 2017ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಆ ಹೆಸರು ಯಾವ ನಿಘಂಟಿನಲ್ಲಿಯೂ ಇಲ್ಲ. ಕಥೆಯೊಳಗಿನ ಒಂದು ಮನೆಯವರು, ಬಿಡಿಸಲಾಗದಂತೆ ಸಿಕ್ಕುಗಟ್ಟಿದ್ದಕ್ಕೆ ತಮ್ಮೊಳಗೇ ಕಟ್ಟಿಕೊಂಡ ಮಾತು ಅದು. ಕನ್ನಡಿಗರಿಗೂ ಅರ್ಥವಾಗದ ಮಾತನ್ನು ಶೀರ್ಷಿಕೆಯಾಗಿಟ್ಟುಕೊಂಡ ಪುಸ್ತಕ ಸಮುದ್ರ ದಾಟಿತು. 'ಎಲ್ಲರಿಗೂ ತಿಳಿಯುವಂತೆ' ಬರೆಯಬೇಕೆಂದು ತಮ್ಮ ಮನೆಯ ಮಾತನ್ನೆಲ್ಲ ಸೋಸಿ ತೆಗೆಯುವವರು ಇದನ್ನು ಯೋಚಿಸಬೇಕು.

ಬಾನು ಮುಷ್ತಾಕರ 'ಹಾರ್ಟ್ ಲ್ಯಾಂಪ್' 2025ರ ಮೇ ತಿಂಗಳಿನಲ್ಲಿ ಅಂತರರಾಷ್ಟ್ರೀಯ ಬುಕರ್ ಪಡೆಯಿತು. ಸಣ್ಣಕಥೆಗಳ ಸಂಕಲನವೊಂದಕ್ಕೆ ಆ ಬಹುಮಾನ ಬಂದದ್ದು ಅದೇ ಮೊದಲು. 50,000 ಪೌಂಡುಗಳನ್ನು ಲೇಖಕಿಯೂ ಅನುವಾದಕಿ ದೀಪಾ ಭಾಸ್ತಿಯವರೂ ಸಮನಾಗಿ ಹಂಚಿಕೊಂಡರು. ಅನುವಾದಕಿ ಕನ್ನಡ, ಉರ್ದು ಮಾತುಗಳನ್ನು ಓರೆ ಅಕ್ಷರದಲ್ಲಿ ಬೇರೆಯಾಗಿ ತೋರಿಸದೆ, ಅವು ಅಲ್ಲಿಯವೇ ಎಂಬಂತೆ ಬಿಟ್ಟರು. ದೆಹಲಿಯ ಕನಿಷ್ಕ ಗುಪ್ತ ಅವರ ಏಜೆಂಟ್ ಎಂಬುದೂ ನಿಜವೇ. ಆದರೆ ಲೆಕ್ಕವನ್ನು ಸರಿಯಾಗಿ ಇಡೋಣ. ಆ ಪುಸ್ತಕದ ಹನ್ನೆರಡು ಕಥೆಗಳು 1990ರಿಂದ 2023ರವರೆಗೆ ಬರೆದವು. ಏಜೆಂಟ್, ಅನುವಾದ, ಬಹುಮಾನ ಇವೆಲ್ಲ ಬಂದದ್ದು ಕೊನೆಯ ಕೆಲವು ವರ್ಷಗಳಲ್ಲಿ. ಅದಕ್ಕೆ ಮುಂಚಿನ ಮೂವತ್ತು ವರ್ಷ ಆ ಕಥೆಗಳನ್ನು ಓದಿದವರು, ಅಚ್ಚು ಹಾಕಿದವರು, ಒಪ್ಪಿದವರು, ಜಗಳವಾಡಿದವರು ಯಾರು? ಕನ್ನಡದ ಪತ್ರಿಕೆಗಳು, ಕನ್ನಡದ ಪ್ರಕಾಶಕರು, ಕನ್ನಡದ ಓದುಗರು. ಏಜೆಂಟ್ ಕೊನೆಯ ಬಾಗಿಲು. ಮೊದಲ ಬಾಗಿಲನ್ನು ಯಾರಾದರೂ ತೆರೆದಿದ್ದರೆ ಮಾತ್ರ ಅಲ್ಲಿಯವರೆಗೆ ನಡೆದು ಹೋಗಲು ಸಾಧ್ಯ.

ಏಜೆಂಟರ ಕಣ್ಣಿಗೂ ಒಂದು ಮಿತಿ ಇದೆ ಎಂಬುದನ್ನು ಹೇಳದಿದ್ದರೆ ವಿಮರ್ಶೆ ಪೂರ್ತಿಯಾಗದು. ಮಾರಲಾಗದ್ದನ್ನು ಅವರು ತೆಗೆದುಕೊಳ್ಳಲಾರರು. ಅದು ಅವರ ಹೊಟ್ಟೆಪಾಡು. ಇಂಗ್ಲಿಷಿನಲ್ಲಿ ನಿಲ್ಲದ ಒಳ್ಳೆಯ ಕನ್ನಡ ಪುಸ್ತಕ ಅವರ ಜಾಲದಲ್ಲಿ ಬೀಳುವುದಿಲ್ಲ. ಆದ್ದರಿಂದ ಅವರು ಒಲ್ಲೆ ಎಂದದ್ದೆಲ್ಲ ಕೆಟ್ಟದ್ದಲ್ಲ, ಒಪ್ಪಿದ್ದೆಲ್ಲ ಶ್ರೇಷ್ಠವೂ ಅಲ್ಲ. ನಮ್ಮ ನೆರೆಯ ತಮಿಳರು ಇದನ್ನು ಬಲ್ಲರು. 2023ರ ಜನವರಿಯಲ್ಲಿ ತಮಿಳುನಾಡು ಸರ್ಕಾರ ಚೆನ್ನೈಯಲ್ಲಿ ಅಂತರರಾಷ್ಟ್ರೀಯ ಪುಸ್ತಕಮೇಳವನ್ನು ಆರಂಭಿಸಿ, ಹೊರದೇಶದ ಪ್ರಕಾಶಕರನ್ನು ಕರೆಸಿ, ತಮಿಳು ಪುಸ್ತಕಗಳ ಅನುವಾದಕ್ಕೆ ಧನಸಹಾಯ ಕೊಡತೊಡಗಿತು. ಏಜೆಂಟರು ಹುಡುಕಿಕೊಂಡು ಬರಲೆಂದು ಕಾಯುವ ಬದಲು ಭಾಷೆಯೇ ಎದ್ದು ಹೊರಟಂತಾಯಿತು. ಮಕ್ಕಳ ಪುಸ್ತಕಗಳ ಮಟ್ಟಿಗೆ, 1996ರಲ್ಲಿ ಇಲ್ಲಿ ಆರಂಭವಾದ ತೂಲಿಕಾ ಸಂಸ್ಥೆ ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳಲ್ಲಿ ಪುಸ್ತಕ ತರುತ್ತಿದೆ. ನಮ್ಮ ಮಕ್ಕಳ ಕನ್ನಡ ಪುಸ್ತಕ ನಮ್ಮ ಊರಿನಲ್ಲೇ ಅಚ್ಚಾಗುತ್ತಿರುವಾಗ ನಾವು ಅದನ್ನು ಎಷ್ಟು ಮನೆಗಳಲ್ಲಿ ಇಟ್ಟಿದ್ದೇವೆ?

ಈಗ ಆ ಬಟ್ಟೆಯ ಚೀಲಕ್ಕೆ ಹಿಂತಿರುಗೋಣ.

ನೋಟುಪುಸ್ತಕಗಳಲ್ಲಿ ಒಟ್ಟು ಹದಿನಾಲ್ಕು ಕಥೆಗಳಿದ್ದವು. ಹದಿಮೂರು ಕಥೆಗಳಲ್ಲಿ ಮೈಸೂರಿನ ಮಲ್ಲಿಗೆ, ದಸರೆಯ ಮೆರವಣಿಗೆ, ಕಾವೇರಿಯ ತಿಳಿನೀರು. ಆಕೆ ಮೈಸೂರನ್ನು ಬಿಟ್ಟಾಗ ಆರು ವರ್ಷದ ಮಗು. ಮಿಕ್ಕ ಆಯುಸ್ಸೆಲ್ಲ ಕಳೆದದ್ದು ಮಾಂಬಲದಲ್ಲಿ. ಆ ಮಲ್ಲಿಗೆ ಆಕೆ ಕಂಡದ್ದಲ್ಲ, ಓದಿದ್ದು. ಅವುಗಳಲ್ಲಿ ಎರಡು ಕಥೆಗಳನ್ನು ನಾವೇ ಈ ಪತ್ರಿಕೆಯಲ್ಲಿ ಅಚ್ಚು ಹಾಕಿ, 'ತಾಯ್ನಾಡಿನ ಹೃದಯಸ್ಪರ್ಶಿ ಚಿತ್ರಣ' ಎಂದು ಹೊಗಳಿದ್ದೆವು. ಹೊಗಳುವುದು ಸುಲಭವಾಗಿತ್ತು. ಹಿರಿಯರು, ಸಂಘಕ್ಕೆ ದುಡಿದವರು, ನೋಯಿಸುವುದೇಕೆ ಎಂದುಕೊಂಡೆವು. ಇದು ನಮ್ಮ ತಪ್ಪು.

ಹದಿನಾಲ್ಕನೆಯದು ಕಥೆಯೂ ಅಲ್ಲ, ನಾಲ್ಕು ಪುಟ. ನೀರಿನ ಬರ ಬಂದ ವರ್ಷ ಬೀದಿಗೆ ಮೆಟ್ರೋ ವಾಟರ್ ಲಾರಿ ಬಂದಾಗ, ಸಾಲಿನಲ್ಲಿ ತಾವು ನಿಲ್ಲುವ ಬದಲು ಹಸಿರು, ಹಳದಿ, ಕೆಂಪು ಪ್ಲಾಸ್ಟಿಕ್ ಕೊಡಗಳನ್ನು ನಿಲ್ಲಿಸಿ ಹೆಂಗಸರೆಲ್ಲ ನೆರಳಿಗೆ ಹೋಗಿ ಕೂರುತ್ತಿದ್ದದ್ದು. ತಮ್ಮ ಕೊಡವನ್ನು ಮುಂದಕ್ಕೆ ಸರಿಸಿದ ಪಕ್ಕದ ಮನೆಯಾಕೆಯೊಡನೆ ತಮಿಳಿನಲ್ಲಿ ಜಗಳವಾಡಲು ಹೋಗಿ, ಸಿಟ್ಟು ಹೆಚ್ಚಾದಾಗ ಬಾಯಿಂದ ಕನ್ನಡವೇ ಬಂದುಬಿಟ್ಟದ್ದು. ಅದನ್ನು ಕೇಳಿ ಸಾಲಿನ ಕೊನೆಯಲ್ಲಿದ್ದ ಯಾರೋ 'ನೀವು ಯಾವ ಊರಮ್ಮ?' ಎಂದು ಕನ್ನಡದಲ್ಲೇ ಕೂಗಿ ಕೇಳಿದ್ದು. ಅಲ್ಲಿಗೆ ಬರಹ ನಿಂತುಹೋಗಿದೆ. ಕೆಳಗೆ 'ಇದು ಬೇಡ' ಎಂದು ಬರೆದು ಗೆರೆ ಎಳೆದಿದ್ದಾರೆ.

ಮೊಮ್ಮಗಳ ಕಟ್ಟಿನಲ್ಲಿಯೂ ಹಾಗೆಯೇ. ಮೇಲೆ ಬಣ್ಣಬಣ್ಣದ ಅಂಬಾರಿಯ ಆನೆಗಳು. ಹಾಳೆ ತಿರುಗಿಸಿದರೆ, ಹಿಂಬದಿಯಲ್ಲಿ ಪೆನ್ಸಿಲಿನಿಂದ ಒಂದು ಬೆಕ್ಕು: ಆಟೋದ ಮೇಲೆ ಮಲಗಿದ್ದು, ಆಟೋ ಹೊರಟಾಗ ಬೆಚ್ಚಿದ್ದು, ಕೊನೆಗೆ ಗೋಡೆಯ ಮೇಲೆ ಕೂತು ಅವಮಾನವಾದವರಂತೆ ಮುಖ ತಿರುಗಿಸಿದ್ದು. ಆರೇಳು ಭಂಗಿಗಳು, ಒಂದೇ ಬೆಕ್ಕು. ಹುಡುಗಿಗೆ ಯಾರೂ ಹೇಳಿಕೊಟ್ಟಿಲ್ಲ.

ಏಜೆಂಟರು ಏನನ್ನು ನೋಡುತ್ತಾರೆಂದು ಆ ತಾಯಿ ಕೇಳಿದ್ದರು. ಗೆರೆ ಎಳೆದ ಆ ನಾಲ್ಕು ಪುಟವನ್ನು, ಹಾಳೆಯ ಹಿಂಬದಿಯ ಆ ಬೆಕ್ಕನ್ನು ನೋಡುತ್ತಾರೆ ಎಂಬುದು ನಮ್ಮ ಉತ್ತರ. ಅವು ಎಂದಾದರೂ ಒಬ್ಬ ಏಜೆಂಟರ ಮೇಜಿಗೆ ಹೋಗುತ್ತವೆಯೋ ಇಲ್ಲವೋ ನಾವು ಹೇಳಲಾರೆವು. ಆದರೆ 'ಇದು ಬೇಡ' ಎಂಬ ಮಾತನ್ನು ಹೊಡೆದುಹಾಕುವುದಕ್ಕೆ ಲಂಡನ್ನಿನವರು ಬೇಕಾಗಿಲ್ಲ. ಅದಕ್ಕೆ ಬೇಕಾದದ್ದು ಮೊದಲ ಓದುಗ. ಪೂರ್ಣ ಅವರು ಗೆಳೆಯನ ಹಸ್ತಪ್ರತಿಗೆ ಮಾಡಿದ್ದು, ಶಿವರಾಂ ಅವರು ಒಬ್ಬ ಹುಡುಗನ ಚಿತ್ರಕ್ಕೆ ಮಾಡಿದ್ದು ಅಷ್ಟೇ. ಚೆನ್ನೈಯ ಕನ್ನಡ ಮನೆಗಳಲ್ಲಿ ಬರೆಯುವವರಿಲ್ಲದೆ ಇಲ್ಲ. ಮಾತನಾಡಬಲ್ಲ, ಆದರೆ ಕನ್ನಡ ಓದಲು ಬಾರದ ಮಕ್ಕಳು ದೊಡ್ಡವರಾಗುತ್ತಿದ್ದಾರೆ. ಇಂದು ಓದದೆ ಬಿಟ್ಟ ನೋಟುಪುಸ್ತಕವನ್ನು ನಾಳೆ ಆ ಮನೆಯಲ್ಲಿ ಓದುವವರೇ ಇರುವುದಿಲ್ಲ.

ಆದ್ದರಿಂದ ಒಂದು ಸಣ್ಣ ಏರ್ಪಾಡು ಮಾಡಿದ್ದೇವೆ. ಮುಂದಿನ ತಿಂಗಳಿಂದ ಸಭೆಗೆ ಒಂದು ಗಂಟೆ ಮೊದಲು, ಸಂಘದ ವಾಚನಾಲಯದಲ್ಲಿ ಇಬ್ಬರು ಕೂತಿರುತ್ತೇವೆ. ಬರೆದದ್ದನ್ನು ತನ್ನಿ, ಮಕ್ಕಳ ಚಿತ್ರಗಳನ್ನು ತನ್ನಿ. ಬೇಡವೆಂದು ಎತ್ತಿಟ್ಟದ್ದನ್ನು ಮರೆಯದೆ ತನ್ನಿ. ಓದುತ್ತೇವೆ. ಕಂಡದ್ದನ್ನು ಕಂಡಂತೆ ಹೇಳುತ್ತೇವೆ; ಬರಿಯ ಹೊಗಳಿಕೆಯನ್ನು ಮಾತ್ರ ನಮ್ಮಿಂದ ನಿರೀಕ್ಷಿಸಬಾರದು. ಲಾರಿಯ ಸಾಲಿನಲ್ಲಿ ಆ ಪ್ರಶ್ನೆ ಕೇಳಿದವರು ಯಾರು, ಅದಕ್ಕೆ ತಾವು ಕೊಟ್ಟ ಉತ್ತರವೇನು ಎಂಬುದನ್ನು ಬರೆದು ಮುಗಿಸಿಕೊಡಿ ಎಂದು ಕೇಳಿಕೊಂಡು ಆ ತಾಯಿಗೆ ನೋಟುಪುಸ್ತಕಗಳನ್ನು ಹಿಂತಿರುಗಿಸಿದ್ದೇವೆ. ಬಂದ ಕೂಡಲೇ ಇಲ್ಲಿ ಅಚ್ಚು ಹಾಕುತ್ತೇವೆ, ಬೆಕ್ಕಿನ ಚಿತ್ರಗಳ ಸಮೇತ.